ಹುಣಸೆ ಕುಟ್ಟಿದ ಮನೆ

ನಮ್ಮನೆಯಲ್ಲಿ ಕೆಲಸ ಹುಡುಕುತ್ತಿದ್ದವಳು ಅವ್ವ, ಕಳೆಯುತ್ತಿದ್ದವನು ಅಪ್ಪ. ಅಪ್ಪ ಬಾವಿ ಆಳ ಮಾಡುವ ಗುಂಪಿನಲ್ಲಿ ಹಾರೆ ಹಿಡಿಯುತ್ತಿದ್ದ. ಬಂಡೆ ಸಿಕ್ಕರೆ ತಿಂಗಳುಗಟ್ಟಲೆ ಕೆಲಸ, ನೀರು ಸಿಕ್ಕರೆ ಮನೆಗೆ. ಮನೆಗೆ ಬಂದವನ ಕೈಗೆ ಒಡೆಯಲು ಬಂಡೆ ಇರುತ್ತಿರಲಿಲ್ಲ, ಅವ್ವ ಇದ್ದಳು. ಊರವರೆಲ್ಲ ಬಾವಿಯಲ್ಲಿ ನೀರು ಬರಲಿ ಎಂದು ದೇವರಿಗೆ ಹರಕೆ ಹೊತ್ತರೆ, ನಾನೂ ನನ್ನ ಅಣ್ಣ ಮಾದನೂ ಇನ್ನೊಂದು ಬಂಡೆ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆವು. ಬೇರೆಯವರ ಹೊಲ ಒಣಗಲಿ ಎಂದು ಬೇಡಿದ ಮಕ್ಕಳು ನಾವು. ಅದರ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಹೊಸ ಊರಿಗೆ ಬಂದಿಳಿದ ದಿನ ಅವ್ವ ಮೊದಲು ಹೋಗುತ್ತಿದ್ದುದು ರಾಗಿ ಮಿಲ್ಲಿಗೆ. ಬೀಸಲು ರಾಗಿ ಇಲ್ಲದಿದ್ದರೂ ಖಾಲಿ ಡಬ್ಬ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಅಲ್ಲಿ ನಿಂತ ಹೆಂಗಸರ ಮಾತಿನಲ್ಲಿ ಯಾರ ತೋಟಕ್ಕೆ ಆಳು ಬೇಕು, ಯಾರ ಅಂಗಡಿಯಲ್ಲಿ ಪಾತ್ರೆ ತೊಳೆಯುವವಳು ಬಿಟ್ಟು ಹೋದಳು ಎಲ್ಲ ತಿಳಿಯುತ್ತಿತ್ತು. ಹಾಗೆ ಹಿಡಿದ ಕೆಲಸಗಳಲ್ಲಿ ನೆನಪಿರುವ ಮೊದಲನೆಯದು ಹೊಗೆನಕಲ್‌ನದು. ಮೀನು ಹುರಿಯುವ ಅಂಗಡಿಯೊಂದಕ್ಕೆ ಅವ್ವ ಮೀನು ಉಜ್ಜಿ ಕೊಡುತ್ತಿದ್ದಳು. ಅಂಗಡಿಯ ಹಿಂದಿನ ಗುಡಿಸಲೇ ನಮ್ಮ ಮನೆ. ನಾವು ಊಟಕ್ಕೆ ಕೂತರೂ ಮೊಣಕೈಯಲ್ಲಿ ಮೀನಿನ ಪೊರೆ ಅಂಟಿರುತ್ತಿತ್ತು. ಮಳೆಗಾಲದ ಹೊಳೆ ಹಗಲು ರಾತ್ರಿ ಮೊರೆಯುತ್ತಿತ್ತು, ಅಲ್ಲಿ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕು. ಅಪ್ಪ ಯಾರದೋ ತೆಪ್ಪದ ಹುಟ್ಟು ತಂದು ಅವ್ವನ ಬೆನ್ನಿಗೆ ಬಾರಿಸಿದಾಗ ಆ ಮೊರೆತದಲ್ಲಿ ಏನೂ ಕೇಳಲಿಲ್ಲ. ಬೇಸಿಗೆ ಬಂತು, ಹೊಳೆ ಸೊರಗಿತು, ಎಲ್ಲ ಕೇಳತೊಡಗಿತು. ಮೀನು ತಿನ್ನಲು ಕೂತಿದ್ದ ಗಿರಾಕಿಗಳು ತಟ್ಟೆ ಬಿಟ್ಟು ಎದ್ದರು. ಅಂಗಡಿಯವನಿಗೆ ಅವ್ವನ ಬೆನ್ನಿಗಿಂತ ಆ ತಟ್ಟೆಗಳದೇ ಸಂಕಟ. ಅವತ್ತೇ ನಮ್ಮನ್ನು ಬಸ್ಸು ಹತ್ತಿಸಿದ.

ಆಮೇಲೆ ತಮಿಳು ಸೀಮೆಯ ತಾರಮಂಗಲಂ. ಅಲ್ಲಿ ಮಗ್ಗದ ಶೆಡ್ಡಿನ ಹಿಂಬದಿಯ ಕೋಣೆ, ನೂಲು ಸುತ್ತುವ ಕೆಲಸ. ಕರೆಂಟಿನ ಮಗ್ಗಗಳು ಬೆಳಿಗ್ಗೆಯಿಂದ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಗೋಡೆ ನಡುಗುತ್ತಿತ್ತು, ಮುದ್ದೆಯ ತಟ್ಟೆ ನೆಲದ ಮೇಲೆ ತಾನಾಗಿ ಸರಿಯುತ್ತಿತ್ತು. ಅವ್ವ ಆ ಸದ್ದನ್ನು ಬಹಳ ಹೊಗಳುತ್ತಿದ್ದಳು. ಯಾಕೆಂದು ನನಗೆ ತಿಳಿದದ್ದು ಕರೆಂಟು ಹೋದ ಮಧ್ಯಾಹ್ನ. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಪ್ಪ ನಿಲ್ಲಲಿಲ್ಲ, ಅವನ ಕೈಯಲ್ಲಿ ರಾಟೆಯ ಹಿಡಿಯಿತ್ತು. ಅವ್ವನ ಮುಂದಿನ ಹಲ್ಲು ಮುರಿದ ಸದ್ದನ್ನು ನಾನು ಕೇಳಿದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಕೇಳಿದೆ. ಇಡೀ ಓಣಿಯೇ ಕೇಳಿತು. ಸಂಜೆಯೊಳಗೆ ಕೋಣೆ ಖಾಲಿ ಮಾಡಿಸಿದರು. ಬಸ್ಸಿನಲ್ಲಿ ಅವ್ವ ಬಾಯಿಗೆ ಸೆರಗು ಒತ್ತಿಕೊಂಡೇ ಒಂದು ಮಾತು ಹೇಳಿದಳು.

“ಕರೆಂಟ್ ನಂಬ್ಕೊಂಡು ಬಾಳಾಟ ಆಗಕಿಲ್ಲ.”

ಪೊಂಗಲ್ ಹಿಂದಿನ ವಾರ ನಲ್ಲಂಪಳ್ಳಿಗೆ ಬಂದೆವು. ಸಾಲುಮನೆಗಳ ಕೊನೆಯದು ನಮಗೆ ಸಿಕ್ಕಿತು: ಹೆಂಚಿನ ಒಂದು ಕೋಣೆ, ಮುಂದೆ ಅಗಲವಾದ ಜಗಲಿ, ಪಕ್ಕದಲ್ಲಿ ಹದವಾದ ಅಂಗಳ. ಮನೆಯೊಡತಿ ಕಾಶಿಯಮ್ಮಾಳ್ ಎದುರು ಮನೆಯಲ್ಲೇ ಇದ್ದಳು. ವಯಸ್ಸಾದ ವಿಧವೆ, ಎತ್ತರದ ಆಳು, ನಮ್ಮ ಕಡೆಯವರೊಡನೆ ಮಾತಾಡುವಾಗ ಅರ್ಧ ತಮಿಳು ಅರ್ಧ ಕನ್ನಡ.

“ಮಕ್ಳು ಕಿರುಚ್ಲಿ, ಆಡು ಕಟ್ಟಿಕ್ಕೊ, ಏನೂ ಪರವಾಯಿಲ್ಲೆ. ಸಂಡೆ ಸತ್ತಂ ಮಾತ್ರ ಕೂಡಾದು, ಜಗಳದ ಸದ್ದು ಆಗ್ಬಾರ್ದು. ಗಂಡ ಹೆಂಡ್ತಿ ಜಗಳ ನನ್ ಕಿವಿಗೆ ಬಿತ್ತು ಅಂದ್ರೆ ಅವತ್ತೇ ನಿಮ್ ಚಟ್ಟಿ ಪಾನೆ ಮಡ್ಕೆ ಎಲ್ಲಾ ಬೀದೀಲಿ.”

“ನಮ್ಮನೇಲಿ ಜಗಳಾನಾ? ನಮ್ಮೆಜಮಾನ್ರು ಬಾಯಿ ಸತ್ತೋರು ಕಣಮ್ಮಾ,” ಅಂದಳು ಅವ್ವ. ಅಪ್ಪ ಪಕ್ಕದಲ್ಲಿ ನಿಜಕ್ಕೂ ಬಾಯಿ ಸತ್ತವನ ಹಾಗೆ ಹಲ್ಲು ಕಿರಿದು ನಿಂತಿದ್ದ.

ಹಬ್ಬಕ್ಕೆ ಅವ್ವ ಆ ಗೋಡೆಗಳಿಗೆ ಸುಣ್ಣ ಬಳಿದಳು. ಬಾಡಿಗೆ ಮನೆಗೆ ಯಾರಾದರೂ ಅಷ್ಟು ನಿಗಾ ಮಾಡಿ ಬಳಿಯುತ್ತಾರೆಯೇ ಎಂದು ಸಾಲಿನ ಹೆಂಗಸರು ನಕ್ಕರು. ಮಣ್ಣಿನ ಒಲೆ ಕಟ್ಟಿದಳು, ಒಲೆಯ ಹಿಂದಿನ ಗೋಡೆಗೆ ಮಾತ್ರ ಇನ್ನಷ್ಟು ದಪ್ಪಗೆ ಬಳಿದಳು. ಕೆಲಸ ಮುಗಿಸಿ ಕೈ ತೊಳೆಯುವಾಗ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

“ಬರೋ ಪೊಂಗಲ್ಗೂ ಇದೇ ಗ್ವಾಡೆಗೆ ಸುಣ್ಣ ಒಡೀಬೇಕು ಅಮ್ಮಿ. ಒಂದೇ ಗ್ವಾಡೆಗೆ ಎಲ್ಡು ಕಿತ ಒಡ್ದೋಳಲ್ಲ ನಾನು.”

ಅವ್ವ ದೇವರಲ್ಲಿ ಬಂಗಾರ ಕೇಳಿದವಳಲ್ಲ, ಗಂಡನಿಗೆ ಒಳ್ಳೆ ಬುದ್ಧಿಯನ್ನೂ ಕೇಳಿ ಬೇಸತ್ತಿದ್ದಳು. ಒಂದು ಗೋಡೆಗೆ ಎರಡನೇ ಸಲದ ಸುಣ್ಣ, ಇಷ್ಟೇ ಅವಳ ಆಸೆ. ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಅದಕ್ಕಾಗಿಯೇ ನಡೆಯಿತು.

ರಾಗಿ ಮಿಲ್ಲಿನ ಸಾಲಿನಲ್ಲಿ ಈ ಸಲ ಸಿಕ್ಕಿದ್ದು ಹುಣಸೆಹಣ್ಣಿನ ಕೆಲಸ. ಮಂಡಿಯ ಚೆಟ್ಟಿಯಾರ್ ಮೂಟೆಗಟ್ಟಲೆ ಕಾಯಿ ಕಳಿಸುತ್ತಿದ್ದರು. ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸಿ, ಕೋಲಿನಿಂದ ಬಡಿದು ಸಿಪ್ಪೆ ಉದುರಿಸಿ, ನಾರು ಎಳೆದು, ಆಮೇಲೆ ಒಂದೊಂದೇ ಹಣ್ಣನ್ನು ಚಪ್ಪಡಿ ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಿ ಬೀಜ ಬಿಡಿಸಬೇಕು. ಅವ್ವನಿಗೊಂದು, ಮಾದನಿಗೊಂದು, ನನಗೊಂದು ಕಲ್ಲು. ಸಿಪ್ಪೆಯ ದೂಳಿಗೆ ಕೆಮ್ಮು, ಉಗುರಿನ ಸಂದಿಯಲ್ಲಿ ಹುಳಿ ಹೊಕ್ಕು ಉರಿ. ತಟ್ಟೆಗೆ ಕೈಯಿಟ್ಟರೆ ಮುದ್ದೆಯೂ ಹುಳಿಯಾಗುತ್ತಿತ್ತು. ಚೆಟ್ಟಿಯಾರ್ ಹಣ್ಣನ್ನೂ ಬೀಜವನ್ನೂ ಬೇರೆಬೇರೆ ತೂಗಿಸುತ್ತಿದ್ದರಿಂದ ಒಂದು ಹಣ್ಣನ್ನೂ ಮುಟ್ಟುವಂತಿಲ್ಲ, ಆದ್ದರಿಂದ ಅವ್ವ ಎಸೆಯುವ ನಾರನ್ನೇ ನೆನೆಸಿ ಹಿಂಡಿ ಸಾರು ಮಾಡುತ್ತಿದ್ದಳು. ಶಾಲೆಗೆ ಹೋಗುವ ಮುಂಚೆ ಕುಟ್ಟುತ್ತಿದ್ದೆವು, ಬಂದ ಮೇಲೆ ಕುಟ್ಟುತ್ತಿದ್ದೆವು. ನನ್ನ ಬಲ ಅಂಗೈಯಲ್ಲಿ ಆ ಗುಳ್ಳೆ ಒಡೆದು ಗಟ್ಟಿಯಾದ ಜಾಗ ಇನ್ನೂ ಇದೆ.

ಅಪ್ಪನ ಕೈ ಆ ಮನೆಯಲ್ಲಿ ಮೊದಲು ಎದ್ದದ್ದು ಆ ಸಾರಿನ ನೆಪದಲ್ಲಿ. ಹುಳಿ ಜಾಸ್ತಿಯಾಗಿದೆ ಎಂದು ತಟ್ಟೆ ಬೀಸಿದ. ಬಿಸಿ ಸಾರು ಅವ್ವನ ಕುತ್ತಿಗೆಯ ಮೇಲೆ ಬಿತ್ತು. ಜಗಲಿಯಲ್ಲಿದ್ದ ನಾವು ಕೊಡತಿ ಎತ್ತಿದವರು ಎತ್ತಿದ ಹಾಗೇ ಕೂತೆವು. ಅಪ್ಪ ಅವಳ ಜುಟ್ಟು ಹಿಡಿದು ಕೋಣೆಯ ಮೂಲೆಗೆ ಎಳೆದ, ಕಾಲಿನಿಂದ ಬಾಗಿಲು ನೂಕಿದ. ಮೊದಲ ಏಟು ಬಿತ್ತು. ಆಗ ಒಳಗಿನಿಂದ ಅವ್ವನ ದನಿ ಬಂತು, ನೀರು ಸೇದಿಡಿ ಎಂದು ಹೇಳುವಷ್ಟೇ ಸಾದಾ ದನಿ.

“ಯಾಕ್ ಮಕ್ಳಾ ಕೈ ನಿಲ್ಸಿದ್ರಿ? ಕುಟ್ರಿ.”

ಮಾದ ಕುಟ್ಟಿದ. ನಾನೂ ಕುಟ್ಟಿದೆ. “ಜೋರಾಗ್ ಕುಟ್ರಿ,” ಎಂದಳು. ಜೋರಾಗಿ ಕುಟ್ಟಿದೆವು. ಬಹಳ ಹೊತ್ತಿನ ಮೇಲೆ ಅವ್ವ ಹೊರಗೆ ಬಂದಾಗ ತುಟಿ ಒಡೆದಿತ್ತು, ಕುತ್ತಿಗೆಯಲ್ಲಿ ಬೊಬ್ಬೆ ಎದ್ದಿತ್ತು. ಎದುರು ಮನೆಯ ಕಡೆ ಕಣ್ಣು ಹಾಯಿಸಿದಳು. ಕಾಶಿಯಮ್ಮಾಳ್ ತನ್ನ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು, ತಲೆಯೆತ್ತಿ ನೋಡಲೂ ಇಲ್ಲ. ಅವ್ವ ಒಡೆದ ತುಟಿಯಲ್ಲೇ ನಕ್ಕಳು. ಆ ನಗು ಕಂಡು ನನಗೆ ಅಪ್ಪನಿಗಿಂತ ಅವಳ ಮೇಲೇ ಹೆಚ್ಚು ಸಿಟ್ಟು ಬಂತು.

ಅಲ್ಲಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಅಪ್ಪನ ಬಾವಿ ಹತ್ತಿರದಲ್ಲೇ ಇದ್ದುದರಿಂದ ವಾರಕ್ಕೊಂದೆರಡು ಸಲ ಬರುತ್ತಿದ್ದ. ಅವನು ಬಂದಾಗ ಬೇಕಾಗುತ್ತದೆಂದು ನಾವು ಒಂದು ಬುಟ್ಟಿ ಹಣ್ಣನ್ನು ಮುಟ್ಟದೆ ಉಳಿಸಿಕೊಳ್ಳುತ್ತಿದ್ದೆವು. ಬಾಗಿಲು ಮುಚ್ಚಿದರೆ ಕುಟ್ಟಬೇಕು. ಬರೀ ಕುಟ್ಟಿದರೆ ಸಾಲದು, ಅವನ ಏಟು ಬೀಳುವ ಹೊತ್ತಿಗೇ ನಮ್ಮದೂ ಬೀಳಬೇಕು. ಅಪ್ಪನಿಗೆ ಹೊಡೆಯುವ ಮುಂಚೆ ಮೂಗಿನಲ್ಲಿ ಉಸಿರೆಳೆಯುವ ಅಭ್ಯಾಸ. ಬಾಗಿಲ ಸಂದಿಯಿಂದ ಆ ಉಸಿರು ಕೇಳಿದರೆ ನಾನು ಕೊಡತಿ ಎತ್ತುತ್ತಿದ್ದೆ. ಶಾಲೆಯಲ್ಲಿ ಮಗ್ಗಿ ಬಾರದ ನನಗೆ ಈ ವಿದ್ಯೆ ಚೆನ್ನಾಗಿ ಬಂತು. ಮಾದ ಅಳುತ್ತಾ ಕುಟ್ಟುತ್ತಿದ್ದ, ಅವನ ಕಲ್ಲಿನ ಹಣ್ಣು ಅರೆದು ಹಿಟ್ಟಾಗುತ್ತಿತ್ತು. ನಾನು ಅಳುತ್ತಿರಲಿಲ್ಲ. ಕಲ್ಲಿನ ಮೇಲಿಟ್ಟ ಪ್ರತಿಯೊಂದು ಹಣ್ಣೂ ಅಪ್ಪನ ಬೆರಳು ಎಂದುಕೊಂಡು ಕುಟ್ಟುತ್ತಿದ್ದೆ. ಅವ್ವ ಒಳಗೆ ಸೆರಗನ್ನು ಬಾಯಿಗೆ ತುರುಕಿಕೊಂಡಿರುತ್ತಿದ್ದಳು. ಅವಳೇನು ಸುಮ್ಮನೆ ಏಟು ತಿನ್ನುವವಳಲ್ಲ, ಕಚ್ಚುತ್ತಿದ್ದಳು, ಪರಚುತ್ತಿದ್ದಳು. ಅಪ್ಪನ ಮುಂಗೈಯಲ್ಲಿ ಅವಳ ಹಲ್ಲಿನ ಗುರುತು ಇರುತ್ತಿತ್ತು, ನಡುವೆ ಮುರಿದ ಹಲ್ಲಿನ ಜಾಗ ಮಾತ್ರ ಬಿಟ್ಟು. ಆದರೆ ಅದೂ ಸದ್ದಿಲ್ಲದೆ ನಡೆಯಬೇಕು.

ಬೀದಿಯಲ್ಲಿ ನಮಗೆ ಬಂದ ಹೆಸರು ಕೇಳಬೇಕು. ಆ ಕನ್ನಡದವರ ಮನೆ ಮಕ್ಕಳನ್ನು ನೋಡಿ ಕಲಿಯಿರಿ, ಅಪ್ಪ ಮನೆಗೆ ಬಂದ ದಿನವೂ ಕುಟ್ಟುವ ಕೈ ನಿಲ್ಲಿಸುವುದಿಲ್ಲ, ಎಂದು ಸಾಲಿನ ಹೆಂಗಸರು ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಚೆಟ್ಟಿಯಾರ್‌ವರೆಗೂ ಆ ಮಾತು ಹೋಗಿ ಬೇರೆಯವರಿಗಿಂತ ಹೆಚ್ಚು ಮೂಟೆ ನಮ್ಮ ಮನೆಗೇ ಬಂದವು. ಅಪ್ಪನ ಏಟು ಜಾಸ್ತಿಯಾದಷ್ಟೂ ನಮ್ಮ ಮರ್ಯಾದೆ ಏರಿತು. ಮಾರನೆಯ ದಿನ ಅಪ್ಪ ಬಸ್ ಸ್ಟ್ಯಾಂಡಿನಿಂದ ಬಿಸಿ ಬಟಾಣಿ ಕಟ್ಟಿಸಿಕೊಂಡು ಬರುತ್ತಿದ್ದ. ಪೊಟ್ಟಣವನ್ನು ಮೊದಲು ಅವ್ವನ ಕೈಗೇ ಕೊಡುತ್ತಿದ್ದ. ಅವಳು ತಿನ್ನುತ್ತಿದ್ದಳು, ಊದಿದ ದವಡೆಯ ಕಡೆಯಿಂದಲ್ಲ, ಇನ್ನೊಂದು ಕಡೆಯಿಂದ. ನಾನೂ ತಿನ್ನುತ್ತಿದ್ದೆ. ಬಟಾಣಿ ಚೆನ್ನಾಗಿರುತ್ತಿತ್ತು.

ಬೇಸಿಗೆ ಮುಗಿದು ಮೊದಲ ಮಳೆ ಬೀಳುವ ಹೊತ್ತಿಗೆ ಹುಣಸೆಯ ಕೆಲಸ ಮುಗಿಯಿತು. ಒಂದು ಬೆಳಿಗ್ಗೆ ಮಂಡಿಯ ಗಾಡಿ ಬಂದು ಕೊನೆಯ ಮೂಟೆಗಳನ್ನು ಹೇರಿಕೊಂಡು ಹೋಯಿತು. ಕಾಶಿಯಮ್ಮಾಳ್ ಅಂಗಳಕ್ಕೇ ಬಂದು ನಿಂತು ನೋಡಿದಳು. ವರ್ಷವಿಡೀ ಮಂಡಿಯಲ್ಲೇ ಹಣ್ಣು ಆರಿಸುವ ಕೆಲಸಕ್ಕೆ ಬಾ ಎಂದು ಚೆಟ್ಟಿಯಾರ್ ಅವ್ವನಿಗೆ ಹೇಳಿ ಕಳಿಸಿದ್ದರು. ಅವ್ವನ ಸಂತೋಷ ಕೈಕಾಲಿನಲ್ಲೆಲ್ಲ ಕಾಣುತ್ತಿತ್ತು. ಜಗಲಿ ಗುಡಿಸಿದಳು, ಕಲ್ಲುಗಳಿಗೆ ಅಂಟಿದ್ದ ಹುಳಿಯನ್ನು ನೀರು ಹಾಕಿ ಉಜ್ಜಿ ಉಜ್ಜಿ ತೊಳೆದಳು. ಇನ್ನು ಊರೂರು ಅಲೆಯುವುದು ಬೇಡ, ಶಾಲೆಯಲ್ಲಿ ನನ್ನ ಹೆಸರು ಕೂಗುವಾಗ ಹೊಸಬಳು ಎಂದು ಯಾರೂ ತಿರುಗಿ ನೋಡುವುದಿಲ್ಲ ಎಂದು ನನಗೂ ಹಿಗ್ಗಾಯಿತು.

ಬಿಸಿಲೇರುವ ಹೊತ್ತಿಗೆ ಅಪ್ಪ ಬಂದ. ಹೆಗಲ ಮೇಲೆ ಹಾಸಿಗೆಯ ಸುರುಳಿ. ಬಾವಿಯಲ್ಲಿ ನೀರು ಬಂದಿತ್ತು.

“ಗಂಟು ಕಟ್ಟು. ಮೆಟ್ಟೂರ್ ಕಡೆ ಒಸಾ ಬಾವಿ ಐತೆ. ಮಧ್ಯಾನದ ಬಸ್ಸಿಗೇ ಓಗಾನ.”

ಅವ್ವ ಕೈಯಲ್ಲಿದ್ದ ಕೊಡತಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸದೆ ಹೇಳಿದಳು.

“ನೀನೋಗಿ ದುಡ್ಕೊಂಡ್ ಬಾ. ನಾನೂ ಮಕ್ಳೂ ಬರಕಿಲ್ಲ. ಮನೆ ಇಲ್ಲೇ ಇರ್ತೈತೆ.”

“ನಾನಿಲ್ದಿರೋ ಮನೆ ಎಲ್ಲೈತೆ ನಿಂಗೆ?”

“ಇದೇ. ಸುಣ್ಣ ಒಡ್ದಿರೋಳು ನಾನು.”

ಅವಳು ಹಾಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಹಾಸಿಗೆಯನ್ನು ಜಗಲಿಯ ಮೇಲಿಟ್ಟ. “ಒಳಕ್ ಬಾ, ಮಾತಾಡಾನ,” ಎಂದ. ಬೀದಿಯಲ್ಲಿ ಹೋಗುತ್ತಿದ್ದವರಿಗೆ ಗಂಡ ಹೆಂಡತಿ ಊಟಕ್ಕೆ ಒಳಗೆ ಹೋದ ಹಾಗೆ ಕಂಡಿರಬೇಕು. ಅವ್ವ ಕೊಡತಿ ಹಿಡಿದೇ ಹೋದಳು. ಬಾಗಿಲು ಮುಚ್ಚಿತು. ಮರ ಮೂಳೆಗೆ ತಾಗಿದ ಸದ್ದು ಬಂತು. ಈ ಸಲ ಕೈಯೇಟಲ್ಲ, ಕೊಡತಿಯನ್ನೇ ಅವಳಿಂದ ಕಿತ್ತುಕೊಂಡಿದ್ದ. ಕೂಡಲೇ ಅವ್ವನ ದನಿ.

“ಕುಟ್ರಿ!”

ಮಾದ ಕೂತ ಜಾಗದಲ್ಲೇ ತನ್ನ ಕೊಡತಿ ಎತ್ತಿ ಕುಟ್ಟತೊಡಗಿದ. ನಾನೂ ಎತ್ತಿ ಕುಟ್ಟಿದೆ. ಅಂಗೈ ಝುಮ್ಮೆಂದಿತು, ಕಲ್ಲಿನ ಚೂರೊಂದು ಹಾರಿ ಕೆನ್ನೆಗೆ ಬಡಿಯಿತು. ಆಗ ಕೆಳಗೆ ನೋಡಿದೆ. ಕಲ್ಲಿನ ಮೇಲೆ ಏನೂ ಇರಲಿಲ್ಲ. ಅವ್ವ ತೊಳೆದ ಕಲ್ಲು, ಇನ್ನೂ ಅಂಚಿನಲ್ಲಿ ಒದ್ದೆ. ಮನೆಯಲ್ಲಿ ಒಂದು ಹಣ್ಣಿಲ್ಲ, ಒಂದು ಬೀಜವಿಲ್ಲ, ನಾವಿಬ್ಬರೂ ಬರಿಗಲ್ಲು ಕುಟ್ಟುತ್ತಿದ್ದೇವೆ. ನನಗೆ ಧೈರ್ಯ ಬಂತು ಎಂದು ಬರೆದುಕೊಂಡರೆ ಚೆನ್ನಾಗಿರುತ್ತದೆ. ಬಂದದ್ದು ನಾಚಿಕೆ. ದಾರಿಯಲ್ಲಿ ಹೋಗುವವರು ನೋಡಿದರೆ ಹುಚ್ಚರು ಎನ್ನುತ್ತಾರಲ್ಲ ಎಂಬ ನಾಚಿಕೆ. ನಾನು ಕೊಡತಿ ಕೆಳಗಿಟ್ಟೆ. ಮಾದನ ಕೈಯನ್ನೂ ಹಿಡಿದುಕೊಂಡೆ. ಅವನು ಕೊಸರಿಕೊಂಡು ನನ್ನ ಎದೆಗೆ ಒದ್ದ. ನಾನು ಅವನ ಮಣಿಕಟ್ಟಿಗೆ ಹಲ್ಲು ಹಾಕಿ ಕೊಡತಿ ಬಿಡಿಸಿ ಅಂಗಳಕ್ಕೆ ಎಸೆದೆ.

“ಕುಟ್ರೋ!” ಎಂದು ಒಳಗಿನಿಂದ ಅವ್ವ ಅರಚಿದಳು. ಅದು ಬೀದಿಗೆಲ್ಲ ಕೇಳಿತು. ಅದರ ಹಿಂದೆಯೇ ಒಂದು ಏಟು, ಇನ್ನೊಂದು ಏಟು, ಅಪ್ಪನ ಬೈಗುಳ, ಪಾತ್ರೆ ಉರುಳಿದ ಸದ್ದು, ಎಲ್ಲ ಕೇಳಿತು. ಆಮೇಲೆ ಅಪ್ಪ ನಿಲ್ಲಿಸಿದ. ತನ್ನ ಏಟಿನ ಸದ್ದು ಅವನಿಗೂ ಆ ಮನೆಯಲ್ಲಿ ಮೊದಲ ಸಲ ಕೇಳಿರಬೇಕು.

ಕಾಶಿಯಮ್ಮಾಳ್ ಬೀದಿ ದಾಟಿ ಬಂದಳು. ಅವಳ ಹಿಂದೆ ಸಾಲುಮನೆಯ ಹೆಂಗಸರು, ಒಬ್ಬಳ ಕೈಯಲ್ಲಿ ಸೌಟು, ಇನ್ನೊಬ್ಬಳ ಸೊಂಟದಲ್ಲಿ ಮಗು. ಬಾಗಿಲು ತೆರೆಯಿತು. ಅಪ್ಪ ಹೊಸ್ತಿಲಲ್ಲಿ ನಿಂತ, ಒಂದು ಕೈ ಬಾಗಿಲವಾಡದ ಮೇಲೆ, ಇನ್ನೊಂದು ಕೈಯಲ್ಲಿ ಕೊಡತಿ. ಮೊದಲ ದಿನದ ಅದೇ ಹಲ್ಲುಕಿರಿತ.

“ಒಣ್ಣುಮಿಲ್ಲೆಮ್ಮಾ,” ಎಂದ. ಏನೂ ಇಲ್ಲಮ್ಮಾ. “ಹುಣಸೆ ಕುಟ್ತಾ ಇದ್ವಿ.”

ಹಾಗಾದರೆ ಅವನಿಗೆ ಗೊತ್ತಿತ್ತು. ನಾವು ಯಾಕೆ ಕುಟ್ಟುತ್ತೇವೆ ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಅದನ್ನು ನಂಬಿಕೊಂಡೇ ಹೊಡೆಯುತ್ತಿದ್ದ. ಕಾಶಿಯಮ್ಮಾಳ್ ತೊಳೆದ ಕಲ್ಲುಗಳನ್ನು ನೋಡಿದಳು, ಗುಡಿಸಿದ ಅಂಗಳ ನೋಡಿದಳು, ಕೊಡತಿಗೆ ಅಂಟಿದ್ದ ಕೂದಲನ್ನು ನೋಡಿದಳು. ಅಪ್ಪನ ಹಿಂದೆ ಅವ್ವ ಎದ್ದು ನಿಂತಿದ್ದಳು. ಹಣೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿಹೋಗಿತ್ತು.

“ಏನಮ್ಮಾ, ಪುಳಿ ತಟ್ತಾ ಇದ್ರಾ?” ಎಂದು ಕಾಶಿಯಮ್ಮಾಳ್ ಅವಳನ್ನೇ ಕೇಳಿದಳು.

ಹೌದು ಎಂದರೆ ಮನೆ ಉಳಿಯಬಹುದು ಎಂದು ಅವ್ವನಿಗೆ ಅನ್ನಿಸಿರಬೇಕು. ಒಂದು ಗಳಿಗೆ ಒಳಗಿನ ಸುಣ್ಣದ ಗೋಡೆಯ ಕಡೆ ತಿರುಗಿದಳು. ಆಮೇಲೆ ಅಪ್ಪನ ಕೈಯಿಂದ ಕೊಡತಿ ತೆಗೆದುಕೊಂಡಳು. ತನ್ನ ಪರವಾಗಿ ಸಾಕ್ಷಿ ಹೇಳುತ್ತಾಳೆ ಎಂದು ಅವನು ನಗುತ್ತಲೇ ಕೊಟ್ಟ.

“ಊಂ ಕಣಮ್ಮಾ, ಇಂಗೆ ಕುಟ್ತಿದ್ವಿ. ಮೊದ್ಲು ಸಿಪ್ಪೆ ಒಡೀಬೇಕು.”

ಬಾಗಿಲವಾಡದ ಮೇಲಿದ್ದ ಅವನ ಕೈಗೆ ಬಲವಾಗಿ ಕುಟ್ಟಿದಳು. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿತು. ಅಪ್ಪ ಕುಸಿದು ಕೂತ.

“ಆಮ್ಯಾಕೆ ನಾರು ಎಳೀಬೇಕು. ಆಮ್ಯಾಕೆ ಬೀಜ ಬಿಡಿಸ್ಬೇಕು.” ಹೆಗಲಿಗೊಂದು, ಮೊಣಕಾಲಿಗೊಂದು. ಕೊಡತಿಯ ಹಿಡಿ ಸೀಳಿತು. ಇನ್ನೊಂದು ಏಟಿಗೆ ಕೈಯೆತ್ತಿದಾಗ, ಅದು ತಲೆಗೇ ಬೀಳುತ್ತಿತ್ತು, ಕಾಶಿಯಮ್ಮಾಳ್ ಅವಳ ತೋಳು ಹಿಡಿದುಕೊಂಡಳು.

“ಪೋದುಂ ಮಾ. ಸಾಕು.”

ಅಪ್ಪ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹೊತ್ತುಕೊಂಡು, ಕುಂಟುತ್ತಾ ಬಸ್ ಸ್ಟ್ಯಾಂಡಿನ ಕಡೆ ನಡೆದ. ಹಾಸಿಗೆಯ ಸುರುಳಿ ಜಗಲಿಯಲ್ಲೇ ಉಳಿಯಿತು. ಮೆಟ್ಟೂರಿನ ಹತ್ತಿರ ಇದ್ದ ತನ್ನ ಅಕ್ಕನ ಮನೆಗೆ ಹೋದನೆಂದು ಆಮೇಲೆ ತಿಳಿಯಿತು. ಕಾಶಿಯಮ್ಮಾಳ್ ಅವ್ವನನ್ನು ಕೂರಿಸಿ, ಹಣೆ ತೊಳೆದು, ಕಾಫಿ ಪುಡಿ ಒತ್ತಿ, ತನ್ನದೇ ಹಳೆಯ ಸೀರೆ ಹರಿದು ಕಟ್ಟಿದಳು. ಅನ್ನ ತಂದು ಮೂವರಿಗೂ ಬಡಿಸಿದಳು. ನಾವು ಉಂಡು ಕೈ ತೊಳೆದ ಮೇಲೆ ಒಳಗೆ ಹೋಗಿ ನಮ್ಮ ಮಡಕೆ ಕುಡಿಕೆಗಳನ್ನು ಒಂದೊಂದಾಗಿ ತಂದು ಬೀದಿಯಲ್ಲಿಟ್ಟಳು. ಒಂದನ್ನೂ ಎಸೆಯಲಿಲ್ಲ, ಎಲ್ಲವನ್ನೂ ಜೋಪಾನವಾಗಿ ಇಟ್ಟಳು. ನಾಳೆ ಅವನು ಆಳು ಕಟ್ಟಿಕೊಂಡು ಬಂದರೆ ಈ ಸಾಲಿನಲ್ಲಿ ಹೆಣ ಬೀಳುತ್ತದೆ, ನಿನ್ನದೋ ಅವನದೋ, ಎಂದಳು. ಅವ್ವ ಬೇಡಿಕೊಳ್ಳಲಿಲ್ಲ. ಕೊಟ್ಟ ಮಾತಿಗೆ ತಪ್ಪದ ಹೆಂಗಸು ಎಂದು ನಾನು ಇವತ್ತಿಗೂ ಕಾಶಿಯಮ್ಮಾಳನ್ನು ಬೈಯುತ್ತೇನೆ.

ಮಾದ ಗಂಟು ಕಟ್ಟಿದ. ಬೀದಿಯ ಜನ ಚೆದುರದೆ ನಿಂತಿದ್ದರು. ಅವ್ವ ನನ್ನ ರೆಟ್ಟೆ ಹಿಡಿದು 'ಫಟ್' ಎಂದು ಕೆನ್ನೆಗೆ ಬಾರಿಸಿದಳು. ಅವಳು ನನ್ನ ಮೇಲೆ ಕೈ ಮಾಡಿದ್ದು ಅದೇ ಮೊದಲು.

“ಕುಟ್ಟು ಅಂದ್ರೆ ಯಾಕಮ್ಮಿ ನಿಲ್ಲಿಸ್ದೆ?”

“ಹಣ್ಣಿರ್ಲಿಲ್ಲವ್ವಾ.”

ಅವಳು ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಾ ನಿಂತಳು.

“ಹಣ್ಣಿದ್ದಿದ್ರೆ ಕುಟ್ತಾನೇ ಇರ್ತಿದ್ಯಾ?”

“ಊಂ,” ಅಂದೆ.

ಅವ್ವ ಮಡಕೆಗಳ ನಡುವೆ ಕೂತುಬಿಟ್ಟಳು. ಸೆರಗು ಬಾಯಿಗೆ ಹೋಗಲಿಲ್ಲ. ಅಷ್ಟೂ ಜನರ ಎದುರಿಗೆ, ಗಂಟಲು ಹರಿಯುವ ಹಾಗೆ ಅತ್ತಳು. ಮಾದ ಎರಡೂ ಕಿವಿ ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ.